ಪಾರ್ಸೆಲಕ್ಕ ಮತ್ತು ನಾನು ಎಳೆದ ರಸ್ತೆ

ಮೊನ್ನೆ ಮನೆಗೆ ಬಂದ ಪಾರ್ಸೆಲ್ ಮಳೆಗೆ ನೆನೆದಿತ್ತು. ಒದ್ದೆ ರಟ್ಟಿನ ವಾಸನೆ ಬಂದದ್ದೇ ಪಾರ್ಸೆಲಕ್ಕ ನೆನಪಾದರು. ಅವರು ತಂದದ್ದು ಒಮ್ಮೆಯೂ ಒದ್ದೆಯಾದದ್ದಿಲ್ಲ. ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಕಟ್ಟುವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತರುತ್ತಿದ್ದರು...

ಆಗ ನಾನು ಪುತ್ತೂರಿನ ಒಂದು ಕೊರಿಯರ್ ಆಫೀಸಿನಲ್ಲಿ ಮ್ಯಾಪ್ ಕೆಲಸಕ್ಕಿದ್ದೆ. ಉಪಗ್ರಹದ ಚಿತ್ರ ನೋಡಿ ಊರೂರಿನ ಮನೆ, ದಾರಿಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವುದು. ನಾನು ಎಳೆದ ದಾರಿಯನ್ನು ನಂಬಿ ಮೊಬೈಲು ಪ್ರತಿ ಪಾರ್ಸೆಲಿಗೂ ಇಂತಿಷ್ಟು ಸಮಯ ಎಂದು ಕೊಡುತ್ತಿತ್ತು. ತಡವಾದರೆ ತಲುಪಿಸುವವರ ಹೆಸರಿನ ಮುಂದೆ ಕೆಂಪು ಗುರುತು. ನಾವೆಲ್ಲ ಪಾರ್ಸೆಲಕ್ಕ ಎನ್ನುತ್ತಿದ್ದವರಿಗೆ ಹಂಚಲು ಸಿಕ್ಕಿದ್ದು ನೆಲ್ಯಾಡಿ, ಕಡಬದ ಕಡೆ. ನಲವತ್ತು ದಾಟಿದವರು, ಸ್ಕೂಟರ್ ಕಲಿತದ್ದೇ ಈ ಕೆಲಸಕ್ಕಾಗಿ.

ಒಂದು ದಿನ ಬಂದು ನನ್ನ ಮೇಜಿನ ಪಕ್ಕ ನಿಂತರು.

"ನಿಮ್ಮ ಮ್ಯಾಪಿನಲ್ಲಿ ಹೊಳೆ ದಾಟುವಲ್ಲಿ ರಸ್ತೆ ಉಂಟು ಮಾರಾಯ್ರೆ. ಅದು ರಸ್ತೆ ಅಲ್ಲ, ನಡೆದು ದಾಟುವ ಕಾಲುಸಂಕ. ಸ್ಕೂಟರ್ ಹೋಗುದಿಲ್ಲ. ಸುತ್ತು ಹಾಕಿ ಹೋಗ್ಲಿಕ್ಕೆ ಮುಕ್ಕಾಲು ಗಂಟೆ ಬೇಕು. ಆಚೆ ಬದಿ ತುಂಬಾ ಮನೆ ಉಂಟು."

"ಸರಿ ಮಾಡ್ತೇನೆ ಅಕ್ಕ," ಎಂದೆ.

ಮಾಡಲಿಲ್ಲ. ಸ್ಥಳಕ್ಕೆ ಹೋಗಿ ನೋಡಿದ್ದೇನೆ ಎಂದು ನಾನು ಮೊದಲೇ ಸಹಿ ಹಾಕಿ ಕೊಟ್ಟಿದ್ದೆ. ಹೋಗಿರಲಿಲ್ಲ. ಈಗ ತಿದ್ದಿದರೆ ಅದು ಹೊರಗೆ ಬರುತ್ತದೆಂಬ ಹೆದರಿಕೆ. ಅವರು ಮತ್ತೆರಡು ಸಲ ನೆನಪಿಸಿದರು. ಆಮೇಲೊಮ್ಮೆ ಅವರು ಮೆಟ್ಟಿಲು ಹತ್ತಿ ಬರುವುದು ಕಂಡು ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋದೆ...

ಮಳೆಗಾಲ ಮುಗಿಯುವಾಗ ಕೆಂಪು ಗುರುತು ಹೆಚ್ಚಾದವರನ್ನು ಕೆಲಸದಿಂದ ತೆಗೆಯುವ ಪಟ್ಟಿ ಬಂತು. ಮ್ಯಾನೇಜರ್ ನನ್ನನ್ನು ಒಳಗೆ ಕರೆದರು.

"ದಾರಿಯೇ ತಪ್ಪು ಅಂತ ಹೇಳ್ತಾರೆ ಆ ಹೆಂಗಸು. ಮ್ಯಾಪ್ ಸರಿ ಉಂಟಲ್ಲ?"

"ಸರಿ ಉಂಟು ಸರ್."

ಪಾರ್ಸೆಲಕ್ಕ ಬಾಗಿಲ ಹೊರಗೇ ಬೆಂಚಿನಲ್ಲಿ ಕೂತಿದ್ದರು. ಕೇಳಿಸಿತೋ ಇಲ್ಲವೋ... ಚೀಲ, ಗುರುತಿನ ಚೀಟಿ ಒಪ್ಪಿಸಿ, ನನಗೂ "ಬರ್ತೇನೆ" ಎಂದು ಹೇಳಿಯೇ ಹೋದರು.

ಅದೇ ವಾರ ಆ ರಸ್ತೆಯನ್ನು ಅಳಿಸಿದೆ. ಎರಡು ನಿಮಿಷದ ಕೆಲಸ. ಯಾಕೆ ಅಳಿಸಿದೆ ಎಂದು ಯಾರೂ ಕೇಳಲಿಲ್ಲ. ಅವರ ಜಾಗಕ್ಕೆ ಬಂದವನು ಎಲ್ಲ ಪಾರ್ಸೆಲನ್ನೂ ಸಮಯಕ್ಕೆ ಸರಿಯಾಗಿ ಮುಟ್ಟಿಸಿದ.

ವರ್ಷ ಕಳೆದ ಮೇಲೆ ಪುತ್ತೂರು ಬಸ್ ನಿಲ್ದಾಣದಲ್ಲಿ ಅವರು ಕಂಡರು. ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು; ಬೆರಳ ತುದಿಗಳು ಕಪ್ಪಾಗಿದ್ದವು. ನಾನು ಬೇರೆ ಕಡೆ ತಿರುಗಿದೆ. ಅವರೇ ಹತ್ತಿರ ಬಂದರು.

"ಆ ಸಂಕದ್ದು ಸರಿ ಮಾಡಿದಿರಂತೆ, ಈಗ ಪಾರ್ಸೆಲ್ ತರುವವ ಹೇಳಿದ. ನನ್ನ ಮಾತು ನೆನಪಿಟ್ಟುಕೊಂಡಿದ್ದೀರಲ್ಲ. ಉಪಕಾರ ಆಯ್ತು ಮಾರಾಯ್ರೆ."

ಯಾವಾಗ ಸರಿ ಮಾಡಿದ್ದು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ತಲೆಯಾಡಿಸಿದೆ. ಕಡಬದ ಬಸ್ಸು ಬಂತು, ಹತ್ತಿ ಹೋದರು.

ಅವರು ತೀರಿಹೋದ ಸುದ್ದಿ ಕಳೆದ ವರ್ಷ ಗೊತ್ತಾಯಿತು. ಸುಳ್ಯದಲ್ಲಿ ಮಗಳಿದ್ದಾಳಂತೆ, ನಂಬರು ಸಿಕ್ಕಿದೆ. ಎರಡು ಸಲ ಒತ್ತಿದ್ದೇನೆ. ಆಚೆ ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ.