ಡಿಸ್ಕಿನ ಸದ್ದಿಗೆ ಕಿವಿಗೊಡುವ ಗುರುದೇವಿ

ಬೆಳಗಿನ ಆರು ಗಂಟೆ. ಹಿಮಾಯತ್‌ನಗರದ ಅಂಗಡಿಗಳು ಇನ್ನೂ ಕಣ್ಣು ತೆರೆದಿಲ್ಲ. ಕಂಪ್ಯೂಟರ್ ಅಂಗಡಿಯೊಂದರ ಹಿಂಬದಿ ಕೋಣೆಯಲ್ಲಿ ಗುರುದೇವಿ ಫ್ಯಾನ್ ಆರಿಸಿ, ಕೆಟ್ಟ ಹಾರ್ಡ್ ಡಿಸ್ಕೊಂದನ್ನು ಕಿವಿಗೆ ಹಿಡಿದು ಕೂತಿದ್ದಾರೆ. ಒಳಗೆ ಟಕ್ ಟಕ್ ಸದ್ದು. "ಇದರ ಮುಳ್ಳು ಹೋಗೇತ್ರಿ" ಎನ್ನುತ್ತಾರೆ. ತಿರುಗುವ ತಟ್ಟೆಯ ಮೇಲೆ ತೇಲುತ್ತ ಓದುವ ಸಣ್ಣ ಭಾಗಕ್ಕೆ ಅವರು ಇಟ್ಟ ಹೆಸರು ಅದು. ಬೀದಿಯ ಗದ್ದಲವೂ ಧೂಳೂ ಏಳುವ ಮುಂಚೆಯೇ ಈ ಕೆಲಸ ಆಗಬೇಕು.

ಯಾದಗಿರಿ ಕಡೆಯ ಗುರುದೇವಿ ಇಲ್ಲಿಗೆ ಕಸ ಗುಡಿಸಲು ಬಂದವರು, ನೋಡಿ ನೋಡಿಯೇ ಕಲಿತವರು. ಹನ್ನೆರಡು ವರ್ಷವಾಯಿತು. ದಿನಕ್ಕೆ ನಾಲ್ಕೈದು ಡಿಸ್ಕು ಬರುತ್ತವೆ. ಹತ್ತರಲ್ಲಿ ಆರು ಬಾಯಿ ಬಿಟ್ಟು ಒಳಗಿನದನ್ನು ಕೊಡುತ್ತವೆ. ಕಳೆದದ್ದು ಸಿಕ್ಕ ಜನ ಕೌಂಟರಿನಲ್ಲಿ ಮಾಲೀಕ ಶಾಂತಕುಮಾರರ ಕೈ ಕುಲುಕಿ ಹೋಗುತ್ತಾರೆ. ಮಾಲೀಕರಿಗೆ ಸ್ಕ್ರೂ ಬಿಚ್ಚಲೂ ಬಾರದು, ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಅವರೇ ತಜ್ಞರು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಕತೆ.

ಆದರೆ ಗುರುದೇವಿಯ ಸಂಕಟ ಅದಲ್ಲ.

ಈ ಕಸುಬಿಗೊಂದು ಕಟ್ಟಳೆಯಿದೆ. ಕೆಟ್ಟ ಡಿಸ್ಕಿನೊಳಗೆ ನೇರ ಹುಡುಕಬಾರದು, ತಡಕಾಡಿದಷ್ಟೂ ಅದು ಹಾಳಾಗುತ್ತದೆ. ಮೊದಲು ಅದನ್ನು ಪೂರ್ತಿ ನಕಲು ಮಾಡಿಕೊಂಡು, ಆ ನಕಲಿನಲ್ಲೇ ಹುಡುಕಬೇಕು. ಒಂಬತ್ತು ವರ್ಷದ ಹಿಂದೆ ಗುರುದೇವಿ ಅದನ್ನು ಮುರಿದರು. ಮಿಯಾಪುರದ ಕಟ್ಟಡದಿಂದ ಬಿದ್ದು ತೀರಿಕೊಂಡ ಸಾಯಿಕುಮಾರನ ತಾಯಿ, ಗಾರೆ ಕೆಲಸದ ಶಂಕ್ರಮ್ಮ, ಸೆರಗಿನಲ್ಲಿ ಸುತ್ತಿದ ಡಿಸ್ಕು ತಂದಿದ್ದರು. ಮಗ ಹಬ್ಬಕ್ಕೆ ಫೋಟೊ ತೆಗೆಸಿಕೊಂಡಿದ್ದ ಸ್ಟುಡಿಯೊದವರು, ಕೆಟ್ಟದ್ದು ತಾನೇ ಎಂದು ಕೊಟ್ಟು ಕೈತೊಳೆದುಕೊಂಡಿದ್ದರು. ಆಧಾರ್ ಕಾರ್ಡಿನ ಕಪ್ಪು ಮುಖ ಬಿಟ್ಟರೆ ಹುಡುಗನ ಚಿತ್ರ ಬೇರೆಲ್ಲೂ ಇರಲಿಲ್ಲ.

"ನಕಲಿಗೆ ಎರಡ ದಿನ ಬೇಕಿತ್ರಿ. ಆಯಿ ಕಾಲಿಗೆ ಬಿದ್ಲು, ಒಂದ ಸಲ ಮುಖ ತೋರ್ಸವ್ವ ಅಂದ್ಲು. ನನ್ನ ಕರುಳು ತಡೀಲಿಲ್ಲ. ಸೀದಾ ತೆರದ್ನಿ. ಅವ ನಕ್ಕೋತ ನಿಂತಿದ್ದ. ಅಷ್ಟರಾಗ ಕರಕರ ಅಂತು, ಕಂಪ್ಯೂಟರೂ ಆರಿತು."

ಮುಳ್ಳು ತಟ್ಟೆಯನ್ನೇ ಕೆರೆದುಹಾಕಿತ್ತು. ಮತ್ತೆ ಎಷ್ಟು ಹೆಣಗಿದರೂ ಏನೂ ಸಿಗಲಿಲ್ಲ. "ಗಟ್ಟಿ ಮನಸ್ಸು ಮಾಡಿದ್ರ ಉಳೀತಿದ್ದ. ನನ್ನ ಕನಿಕರನ ಅವನ್ನ ಅಳಿಸಿತ್ರಿ."

ಶಂಕ್ರಮ್ಮ ಬೈಯಲಿಲ್ಲ. ಅದೇ ಗುರುದೇವಿಯನ್ನು ಇಂದಿಗೂ ಸುಡುತ್ತಿದೆ. ಕಣ್ಣಲ್ಲಿ ನೀರು ತುಂಬಿದ್ದರಿಂದ ತಾಯಿಗೆ ಆ ಕ್ಷಣ ಏನೂ ಕಂಡಿರಲಿಲ್ಲ. ಕಂಡವರು ಗುರುದೇವಿ ಒಬ್ಬರೇ. ಹಾಗಾಗಿ ಪ್ರತಿ ಅಮಾವಾಸ್ಯೆ, ಕೆಲಸಕ್ಕೆ ಹೋಗುವ ಮುಂಚೆ, ಶಂಕ್ರಮ್ಮ ಇಲ್ಲಿಗೆ ಬರುತ್ತಾರೆ.

ಇಂದೂ ಬಂದಿದ್ದಾರೆ. ಹೊಸ್ತಿಲಲ್ಲಿ ಕೂತು ಚಹಾ ಕುಡಿದು, ಎಂದಿನಂತೆ ಕೇಳುತ್ತಾರೆ: "ಹ್ಯಾಂಗಿದ್ದ ಹೇಳವ್ವ ನನ್ನ ಮಗ."

"ನಗಾಕತ್ತಿದ್ದ ಆಯಿ. ನೀಲಿ ಅಂಗಿ ಹಾಕಿದ್ದ."

"ಹೋದ ಅಮಾಸಿಗೆ ಹಳದಿ ಅಂದಿದ್ದೆಲ್ಲ?"

ಗುರುದೇವಿಯ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ನಿಲ್ಲುತ್ತದೆ. ಶಂಕ್ರಮ್ಮ ಅವರ ಮುಖವನ್ನೇ ನೋಡುತ್ತಾರೆ. ಆಮೇಲೆ ಲೋಟ ಕೆಳಗಿಟ್ಟು ಏಳುತ್ತಾರೆ. "ಇರ್ಲಿ ಬಿಡು. ಎರಡೂ ಇದ್ದೂವು ಅವನ ಹಂತ್ಯಾಕ."

ಅವರು ಹೋದ ಮೇಲೆ ಗುರುದೇವಿ ಲೋಟ ತೊಳೆದಿಟ್ಟು ಮತ್ತೆ ಡಿಸ್ಕಿನ ಮುಂದೆ ಕೂರುತ್ತಾರೆ. ಬೋರ್ಡಿನಲ್ಲಿ ನಿಮ್ಮ ಹೆಸರು ಬರಬೇಡವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ಆಮ್ಯಾಲೆ ಸಾವಿರ ಮುಖ ನೋಡೀನ್ರಿ, ಎಲ್ಲಾ ಕಲಸಿಹೋಗ್ಯಾವ. ಆ ಅಂಗಿ ಬಣ್ಣ ಒಂದ ಖರೇ ನೆನಪಾದ್ರ ಸಾಕು. ಅದರದು ನಕಲು ಎಲ್ಲೂ ಇಲ್ಲ."