ಎದುರಾಳಿಯ ಹಾರ್ಡ್‌ಡಿಸ್ಕು

ಮನೆಗೆ ಬಂದು, ನಾನು ಕರಿದ ಗೋಳಿಬಜೆ ತಿಂದು, ಇನ್ನೊಮ್ಮೆ ಚಟ್ನಿ ಹಾಕಿಸಿಕೊಂಡು, ಕಾಫಿಗೆ ಸಕ್ಕರೆ ಸಾಲದು ಎಂದು ಹೇಳಿ ಹೋದ ಮನುಷ್ಯ ನಮ್ಮ ಊಟದ ಮೇಜಿನ ಮೇಲೆ ಬಿಟ್ಟುಹೋದದ್ದು ಒಂದು ಕಪ್ಪು ಹಾರ್ಡ್‌ಡಿಸ್ಕು. ಅದನ್ನು ನಮ್ಮ ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಪರದೆಯ ನಡುವೆ ಒಂದು ಬಿಳಿ ಚೌಕ ಬಂತು. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿತು. ನಮ್ಮವರು ಪಕ್ಕದ ಕುರ್ಚಿಯಲ್ಲಿ ಕುಳಿತು ಪರದೆಯನ್ನೇ ನೋಡುತ್ತಿದ್ದರು. ನಾನು ಏನನ್ನೂ ಒತ್ತಲಿಲ್ಲ. ಅಡುಗೆಮನೆಯಲ್ಲಿ ಮೂವತ್ತು ವರ್ಷ ಕಳೆದವಳಿಗೆ ಗೊತ್ತಿಲ್ಲದ ಗುಂಡಿ ತಿರುಗಿಸಬಾರದು ಎಂಬಷ್ಟು ಬುದ್ಧಿ ಇರುತ್ತದೆ.

ಆ ಡಿಸ್ಕಿನೊಳಗೆ ಇದ್ದದ್ದು ನಮ್ಮವರ ಸ್ವರ.

ನಮ್ಮವರು ಮುಂಬಯಿ ಕಡೆಯ ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದಿನವಿಡೀ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಿದ್ದವರು. ಆದಿತ್ಯವಾರ ಮಾತ್ರ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಲ್ಯದಲ್ಲಿ ಮೈಕಿನ ಮುಂದೆ ಕೂರುವುದು, ಭಾಗವತರು ಒಂದು ಪದ್ಯ ಹಾಡಿದ ಮೇಲೆ ಆ ಪಾತ್ರವಾಗಿ ಮಾತಾಡುವುದು. ಅರ್ಥ ಹೇಳುವುದು ಎನ್ನುತ್ತೇವೆ ಅದಕ್ಕೆ. ಬರೆದುಕೊಂಡು ಬರುವ ಹಾಗಿಲ್ಲ, ಬಾಯಿಪಾಠ ಮಾಡುವ ಹಾಗಿಲ್ಲ. ಆಗ ಹುಟ್ಟಿದ ಮಾತು ಆಗಲೇ ಮುಗಿಯುತ್ತದೆ, ಯಾರಾದರೂ ಹಿಡಿದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಿಡಿದಿಡುತ್ತಿದ್ದವರು ಡಿಸ್ಕು ಬಿಟ್ಟುಹೋದ ಈ ಮನುಷ್ಯ. ಖಾರಘರದಲ್ಲಿ ಮನೆ, ದೊಡ್ಡ ಕಂಪನಿಯಲ್ಲಿ ಆಫೀಸರ್ ಆಗಿ ನಿವೃತ್ತಿ. ನಮ್ಮವರ ಎದುರಿನ ಪಾತ್ರಕ್ಕೆ ಅರ್ಥ ಹೇಳುವವರು ಹೆಚ್ಚಾಗಿ ಅವರೇ. ಪ್ರತಿ ತಾಳಮದ್ದಲೆ ಕೂಟಕ್ಕೂ ಸ್ವಂತ ಕ್ಯಾಮರಾ ತಂದು ಮೂಲೆಯಲ್ಲಿ ನಿಲ್ಲಿಸಿ, ಆಮೇಲೆ ಮನೆಯ ಮ್ಯಾಕ್ ಕಂಪ್ಯೂಟರಿನಲ್ಲಿ ಹಾಕಿ, ತಮಗೆ ಚಪ್ಪಾಳೆ ಬಿದ್ದ ಭಾಗವನ್ನು ಎಲ್ಲರಿಗೂ ಕಳಿಸುತ್ತಿದ್ದರು.

ಠಾಣೆಯ ಒಂದು ಸಭಾಗೃಹದಲ್ಲಿ ಆದದ್ದು ನಮ್ಮವರ ಕೊನೆಯ ಕೂಟ. ಅದು ಕೊನೆಯದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ಮನುಷ್ಯನಿಗೆ ಕೊಲ್ಲುವ ರಾಜನ ಪಾತ್ರ, ನಮ್ಮವರಿಗೆ ಸಾಯುವ ರಾಜನ ಪಾತ್ರ. ಕಥೆಯಲ್ಲಿ ಸಾಯುವವ ಸಾಯಲೇಬೇಕು, ಅದನ್ನು ತಪ್ಪಿಸಲಾಗದು. ಆದರೆ ಮಾತಿನಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಕಥೆಯಲ್ಲಿ ಬರೆದಿರುವುದಿಲ್ಲ. ಆವತ್ತು ನಮ್ಮವರು ಸ್ವರ ತಗ್ಗಿಸಿ ಕೇಳಿದರು: "ನನ್ನನ್ನು ಕೊಲ್ಲುವುದಕ್ಕೆ ನಿನ್ನಲ್ಲಿ ನೂರು ಕಾರಣಗಳಿವೆ, ಎಲ್ಲವನ್ನೂ ಒಪ್ಪಿದೆ. ನನ್ನೊಡನೆ ಒಮ್ಮೆ ಮಾತಾಡುವುದಕ್ಕೆ ಒಂದು ಕಾರಣವೂ ಸಿಗಲಿಲ್ಲವೇ?"

ಆ ಮನುಷ್ಯ ಬಾಯಿ ತೆರೆದರು. ಏನೂ ಬರಲಿಲ್ಲ. ನೀರು ಕುಡಿದರು, ಶಲ್ಯ ಸರಿಮಾಡಿಕೊಂಡರು, ಭಾಗವತರ ಕಡೆ ನೋಡಿದರು. ಮಾತು ಬತ್ತಿದ ಅರ್ಥಧಾರಿ ಹಾಗೆ ನೋಡಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಕಾಪಾಡುವುದು ವಾಡಿಕೆ. ನಮ್ಮ ಮುದಿ ಭಾಗವತರು ತಾಳವನ್ನು ತೊಡೆಯ ಮೇಲಿಟ್ಟು ಸೀಲಿಂಗ್ ಫ್ಯಾನು ನೋಡುತ್ತಾ ಕೂತರು. ಸಭೆ ಮೊದಲು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಆಮೇಲೇ ಪದ್ಯ ಎದ್ದದ್ದು.

ಆ ಮಳೆಗಾಲದಲ್ಲಿ ನಮ್ಮವರ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ನವಿಮುಂಬಯಿಯ ಆಸ್ಪತ್ರೆಯಲ್ಲಿ ಸ್ವರಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಈಗ ಅವರು ಮೊಬೈಲಿನಲ್ಲಿ ಒತ್ತಿ ತೋರಿಸುತ್ತಾರೆ, ಅವಸರವಿದ್ದರೆ ಮೇಜು ತಟ್ಟುತ್ತಾರೆ.

ಆ ಕೊನೆಯ ಕೂಟದ ರೆಕಾರ್ಡಿಂಗ್ ಕೊಡಿ ಎಂದು ನಾನು ಆ ಮನುಷ್ಯನಿಗೆ ಫೋನ್ ಮಾಡುತ್ತಲೇ ಇದ್ದೆ. "ನೋಡ್ತೇನೆ ಅಕ್ಕ" ಎಂದರು. ಊರಿಗೆ ಹೋಗಿದ್ದೆ ಎಂದರು. ಮಗಳ ಬಾಣಂತನ ಎಂದರು. ಅಷ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಐರೋಲಿಯಲ್ಲಿ ಒಂದು ಮದುವೆ, ಊಟದ ಪಂಕ್ತಿಯಲ್ಲಿ ಯಾರೋ ಆ ಕೂಟದ ಸುದ್ದಿ ಎತ್ತಿದಾಗ ಈ ಮನುಷ್ಯ ಸಾರು ಸುರಿದುಕೊಳ್ಳುತ್ತಾ, "ಅದು ಬಿಡಿ ಮಾರಾಯ್ರೆ. ಆವತ್ತೇ ಅವರ ಸ್ವರ ಹೋಗಿತ್ತು. ಒಂದು ಶಬ್ದ ಕೇಳ್ತಿರಲಿಲ್ಲ, ನಾನು ಎಂತಕ್ಕೆ ಅಂತ ಉತ್ತರ ಕೊಡುವುದು?" ಎಂದರು. ಎದುರು ಪಂಕ್ತಿಯಲ್ಲಿ ನಮ್ಮವರು ಕೂತಿದ್ದರು. ಅಲ್ಲ ಎನ್ನುವುದಕ್ಕೆ ಅವರಲ್ಲಿ ಇದ್ದದ್ದು ಎರಡು ಕೈ ಮಾತ್ರ, ಒಂದರಲ್ಲಿ ಅನ್ನ ಇತ್ತು. ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದರು.

ಅವತ್ತಿನಿಂದ ನಾನು ಆ ಮನುಷ್ಯನ ಮೇಲೆ ಹಲ್ಲು ಮಸೆಯುತ್ತಿದ್ದೇನೆ. ಜೋರಾಗಿ ಅಲ್ಲ. ಹಾಲಿಗೆ ಹೆಪ್ಪು ಹಾಕುವಾಗ, ಕೊತ್ತಂಬರಿ ಆಯುವಾಗ, ನಿತ್ಯದ ಕೆಲಸದ ಜೊತೆಯಲ್ಲಿ, ತಪ್ಪದೆ.

ಡಿಸ್ಕು ತಾವಾಗಿ ತಂದುಕೊಟ್ಟದ್ದಕ್ಕೂ ಕಾರಣವಿತ್ತು. ಇಲ್ಲಿನ ಕನ್ನಡ ಸಂಘದವರು ಆ ಮನುಷ್ಯನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹಳೆಯ ಜೊತೆಗಾರನೆಂದು ನಮ್ಮವರೂ ವೇದಿಕೆಯಲ್ಲಿ ಇರಬೇಕಂತೆ. ಇಷ್ಟು ವರ್ಷದ ಎಲ್ಲ ಕೂಟಗಳೂ ಇದರಲ್ಲೇ ಇವೆ, ಮ್ಯಾಕಿನಲ್ಲಿ ಜಾಗವಿಲ್ಲವೆಂದು ಅಲ್ಲಿ ಅಳಿಸಿಯಾಗಿದೆ, ನಿಮಗೆ ಬೇಕಾದದ್ದು ತೆಗೆದುಕೊಂಡು ಸಂಘದ ಕಾರ್ಯದರ್ಶಿಗೆ ತಲುಪಿಸಿ ಎಂದರು. ಸನ್ಮಾನದ ದಿನ ತೋರಿಸುವ ಕಿರುಚಿತ್ರವನ್ನು ಕಾರ್ಯದರ್ಶಿ ಮಾಡುವವರು. "ಅವರ ಮಗನ ಹತ್ರ ಮ್ಯಾಕ್ ಉಂಟು, ಅವರಿಗೆ ತೊಂದರೆ ಇಲ್ಲ" ಎಂದು ನಕ್ಕರು. ಆ ನಗು ಯಾಕೆಂದು ಬಿಳಿ ಚೌಕ ಬಂದಾಗ ಗೊತ್ತಾಯಿತು. ಫೋನ್ ಮಾಡಿದೆ.

"ವಿಂಡೋಸಿನಲ್ಲಿ ಅದು ತೆರೆಯುವುದಿಲ್ಲ ಅಂತ ನನಗೆ ಗೊತ್ತುಂಟು ಅಕ್ಕ. ನೀವು ಕೇಳಿದ್ರಿ, ನಾನು ಕೊಟ್ಟೆ. ಇನ್ನೆಂತ ಮಾಡ್ಲಿ?"

ನಾಳೆಯೇ ಊರಿಗೆ ಹೊರಟಿದ್ದೇನೆ, ಸನ್ಮಾನದ ದಿನ ನೇರ ಸಭಾಗೃಹಕ್ಕೇ ಬರುವುದು ಎಂದು ಹೇಳಿ ಫೋನಿಟ್ಟರು.

ನಾನು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಟಿಫಿನ್ ಚೀಲದಲ್ಲಿಟ್ಟು, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆ. ಮಗಳು ಅಲ್ಲಿ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ, ಗಂಡನ ಮನೆಯೂ ಅಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವುದು, ಸಣ್ಣವಳಿದ್ದಾಗಿನಿಂದ ಹಾಗೆಯೇ. ಅವಳ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪು ಮ್ಯಾಕ್.

"ಡಿಸ್ಕ್ ಖರಾಬ್ ನಹೀ ಹೈ ಅಮ್ಮಾ," ಎಂದಳು. ಡಿಸ್ಕು ಕೆಟ್ಟಿಲ್ಲ, ನಮ್ಮ ಲ್ಯಾಪ್‌ಟಾಪಿಗೆ ಅದರ ಗುರುತು ಸಿಗುವುದಿಲ್ಲ ಅಷ್ಟೆ. ಎರಡು ಬಗೆಯ ಯಂತ್ರಗಳು ಸಾಮಾನು ಜೋಡಿಸಿಡುವ ಕ್ರಮವೇ ಬೇರೆ. ತನ್ನ ಕ್ರಮದಲ್ಲಿ ಇಲ್ಲದ್ದನ್ನು ಕಂಡರೆ ನಮ್ಮ ಲ್ಯಾಪ್‌ಟಾಪು ಇದು ಖಾಲಿ, ಒರೆಸಿ ಹೊಸದಾಗಿ ಜೋಡಿಸಲೇ ಎಂದು ಕೇಳುತ್ತದೆ. ಹೌದು ಎಂದು ಒತ್ತಿದ್ದರೆ? "ಸಬ್ ಗಯಾ" ಎಂದಳು ಮಗಳು.

ಎಲ್ಲ ಹೋಗುತ್ತಿತ್ತು. ಅವಳ ಸೋಫಾದ ಮೇಲೆ ಕೂತು ನಾನು ಅದನ್ನು ಸ್ವಲ್ಪ ಹೊತ್ತು ಯೋಚಿಸಿದೆ. ನಮ್ಮವರ ಸ್ವರ ನಮ್ಮ ಕೈಯಿಂದಲೇ ಹೋಗುತ್ತಿತ್ತು. ನಿಮ್ಮ ಕೈಯಾರೆ ಅಳಿಸಿದಿರಿ ಎಂದು ಆ ಮನುಷ್ಯ ಪಂಕ್ತಿ ಪಂಕ್ತಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

ತೆಗೆದುಕೊಳ್ಳುವುದೂ ಸುಲಭವಾಗಲಿಲ್ಲ. ಮನೆಯಿಂದ ಒಯ್ದಿದ್ದ ನಮ್ಮ ಡಿಸ್ಕನ್ನು ಮಗಳ ಮ್ಯಾಕು ನೋಡಿತು, ಒಳಗಿದ್ದ ಫೋಟೋಗಳನ್ನೆಲ್ಲ ತೋರಿಸಿತು, ಆದರೆ ಅದಕ್ಕೆ ಏನನ್ನೂ ಹಾಕಲು ಬಿಡಲಿಲ್ಲ. ವಿಂಡೋಸಿನವರ ಡಿಸ್ಕನ್ನು ಅದು ಓದುತ್ತದೆ, ಬರೆಯುವುದಿಲ್ಲವಂತೆ. ಒಂದು ಹಳೆಯ ಪೆನ್‌ಡ್ರೈವ್ ಸಿಕ್ಕಿತು, ಅದು ಎರಡೂ ಕಡೆ ನಡೆಯುವಂಥದ್ದು. ಜಾಗ ಬೇಕಾದಷ್ಟಿತ್ತು. ಆದರೂ ಕೂಟದ ಫೈಲು ತುಂಬಾ ದೊಡ್ಡದು, ಈ ಹಳೆಯ ಬಗೆಯಲ್ಲಿ ಅಷ್ಟು ದೊಡ್ಡದನ್ನು ಒಂದೇ ತುಂಡಾಗಿ ಇಡಲಾಗದು ಎಂದು ತಿರುಗಿ ಕಳಿಸಿತು. ಅಗಲವಾದ ಡಬ್ಬಕ್ಕೆ ಸಣ್ಣ ಬಾಯಿ ಇದ್ದ ಹಾಗೆ. ಕಡೆಗೆ ಮಗಳು ಆ ಪೆನ್‌ಡ್ರೈವನ್ನೇ ಖಾಲಿ ಮಾಡಿ ಎಕ್ಸ್‌ಫ್ಯಾಟ್ ಎಂಬ ಬಗೆಗೆ ಬದಲಿಸಿದಳು. ಅದು ಎರಡೂ ಯಂತ್ರಕ್ಕೆ ಒಪ್ಪಿಗೆ, ದೊಡ್ಡ ಫೈಲಿಗೂ ಒಪ್ಪಿಗೆ. ನೀಲಿ ಗೆರೆ ನಿಧಾನವಾಗಿ ತುಂಬುವಷ್ಟು ಹೊತ್ತಿನಲ್ಲಿ ನಾನು ಅವಳ ಮನೆಯ ಬೀನ್ಸ್ ಎಲ್ಲ ಹೆಚ್ಚಿಕೊಟ್ಟೆ.

ಡೊಂಬಿವಲಿಗೆ ಬಂದು ಹಾಕಿದರೆ ತೆರೆಯಿತು. ನಮ್ಮವರ ಸ್ವರ ನಮ್ಮ ನಡುಮನೆಯಲ್ಲಿ ಎದ್ದಿತು. ಹೋದ ಸ್ವರವೂ ಅಲ್ಲ, ಒಡೆದ ಸ್ವರವೂ ಅಲ್ಲ; ಹಿಂದಿನ ಸಾಲಿನ ಮಗುವೊಂದು ಕೆಮ್ಮಿದ್ದೂ ಅದರ ಕೆಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮವರು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡು ಕೇಳಿದರು. ತಮ್ಮ ಮಾತಿಗೆ ತಾವೇ ತುಟಿ ಆಡಿಸುತ್ತಿದ್ದರು. ನಾನು ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ.

ಕಾರ್ಯದರ್ಶಿಯ ಮಗ ತನ್ನ ಮ್ಯಾಕಿನ ಸಮೇತ ಪುಣೆಗೆ ಹೋಗಿಯಾಗಿದೆ ಎಂದು ಅವನ ತಾಯಿ ತರಕಾರಿ ಮಾರುಕಟ್ಟೆಯಲ್ಲಿ ನನಗೆ ಹೇಳಿದ್ದರು. ಅವರ ಮನೆಯಲ್ಲೂ ಈಗ ನಮ್ಮಂಥದ್ದೇ ವಿಂಡೋಸು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಡಿಸ್ಕಿನ ಮೇಲಿನ ಧೂಳು ಒರೆಸಿ ಕಾರ್ಯದರ್ಶಿಯ ಕೈಗೆ ಕೊಟ್ಟು ಬಂದೆ. ಸಂಜೆಯೊಳಗೆ ಫೋನ್ ಬಂತು. ಕಾರ್ಯದರ್ಶಿ ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ, ತಾಳಮದ್ದಲೆಯ ಗಂಧವಿಲ್ಲ.

"ಅಕ್ಕಾರ, ಇದು ಏನೋ ಫಾರ್ಮ್ಯಾಟ್ ಅಂತ ಕೇಳಾಕತ್ತೈತ್ರಿ. ಎಸ್ ಒತ್ತಲೇನ್ರಿ?"

ನನ್ನ ಬಾಯಲ್ಲಿ ಹೂಂ ಎಂಬುದು ಬಂದು ನಿಂತಿತ್ತು. ಒತ್ತುವುದು ಕಾರ್ಯದರ್ಶಿಯ ಬೆರಳು, ಹೋಗುವುದು ಆ ಮನುಷ್ಯನ ಇಷ್ಟು ವರ್ಷದ ಚಪ್ಪಾಳೆಗಳು, ನನಗೇನು ಗೊತ್ತು ಎನ್ನಲು ನನ್ನ ಗೃಹಿಣಿಯ ಮುಖ. ಆದರೆ ಅಳಿಸಿಬಿಟ್ಟರೆ ಆ ಮನುಷ್ಯ ನೊಂದವರಾಗುತ್ತಾರೆ. ಜನ ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಆ ಪಾಪ ಬೇಡವಾಗಿತ್ತು.

ಒತ್ತಬೇಡಿ, ಎಲ್ಲ ಹೋಗುತ್ತದೆ ಎಂದೆ. ಮಗಳ ಮ್ಯಾಕ್ ತರಿಸಿಕೊಡುತ್ತೇನೆ ಎನ್ನಲಿಲ್ಲ. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ಒಂದು ಕೂಟ ನನ್ನ ಹತ್ತಿರವಿದೆ, ಅದರಿಂದ ಮಾಡಿ ಎಂದೆ. ನಮ್ಮವರು ಮೇಜು ತಟ್ಟಿದರು. ಮೊಬೈಲಿನಲ್ಲಿ 'ಬೇಡ' ಎಂದು ಬರೆದು ನನ್ನ ಮುಖದ ಮುಂದೆ ಹಿಡಿದರು. ನನ್ನ ಕನ್ನಡಕ ಫ್ರಿಜ್ ಮೇಲಿತ್ತು. ಅದನ್ನು ತರಲು ನಾನು ಏಳಲಿಲ್ಲ.

ನಮ್ಮ ಲ್ಯಾಪ್‌ಟಾಪಿಗೂ ಒಂದು ಪ್ರತಿ ಇಳಿಸಿಕೊಂಡು ನಾನು ಕಳಿಸಿಕೊಟ್ಟ ಪೆನ್‌ಡ್ರೈವ್ ಹಾಕಿ ನೋಡಿದ ಕಾರ್ಯದರ್ಶಿ ಮತ್ತೆ ಫೋನ್ ಮಾಡಿ, ಎಲ್ಲಿಂದ ಎಲ್ಲಿಯವರೆಗೆ ಹಾಕಲಿ ಎಂದು ಕೇಳಿದರು. ನಮ್ಮವರು ಕೇಳುವ ಪ್ರಶ್ನೆಯಿಂದ ಮುಂದಿನ ಪದ್ಯ ಏಳುವವರೆಗೆ, ನಡುವೆ ಕತ್ತರಿಸಿದರೆ ಕಲಾವಿದರಿಗೆ ಅವಮಾನ ಎಂದೆ.

"ಖರೇ ಐತ್ರಿ. ಅವರು ಎಷ್ಟ್ ಛಂದ ಸುಮ್ಮಕ ಕುಂತಾರ್ರಿ! ಅಭಿನಯ ಅಂದ್ರ ಅದು."

ಹೌದು ಎಂದೆ.

ಸನ್ಮಾನದ ದಿನ ಆ ಮನುಷ್ಯ ಊರಿನಿಂದ ನೇರ ಬಂದು, ರೇಷ್ಮೆ ಶಲ್ಯ ಹೊದ್ದು ವೇದಿಕೆಯ ನಡುವೆ ಕೂತಿದ್ದರು. ನಮ್ಮವರದು ಕೊನೆಯ ಕುರ್ಚಿ. ಹಾರ, ಫಲ, ಪೇಟ ಎಲ್ಲ ಆದ ಮೇಲೆ ದೀಪ ಆರಿಸಿದರು. ಪರದೆಯ ಮೇಲೆ ನಮ್ಮವರು ಕಾಣಿಸಿಕೊಂಡು ಆ ಪ್ರಶ್ನೆ ಕೇಳಿದರು. ಸಭೆಯ ಕೊನೆಯ ಸಾಲಿನವರೆಗೂ ಸ್ವರ ಹೋಯಿತು. ಎಷ್ಟೋ ಜನ ಪರದೆ ಬಿಟ್ಟು ಕೊನೆಯ ಕುರ್ಚಿಯ ಕಡೆ ತಿರುಗಿದರು. ಆಮೇಲೆ ಪರದೆಯ ತುಂಬ, ಕಾರ್ಯದರ್ಶಿ ಹಿಗ್ಗಿಸಿಟ್ಟ ಆ ಮನುಷ್ಯನ ಮುಖ. ಬಾಯಿ ತೆರೆಯಿತು, ಮುಚ್ಚಿತು. ನೀರು. ಶಲ್ಯ. ಮತ್ತೆ ಬಾಯಿ. ಮೊದಲು ನಕ್ಕದ್ದು ಹೆಂಗಸರ ಸಾಲು.

ದೀಪ ಹತ್ತಿದಾಗ ಮುಂದಿನ ಸಾಲಿನಲ್ಲಿದ್ದ ಭಾಗವತರು ಕೂತಲ್ಲಿಂದಲೇ ಕೇಳಿದರು. ಮೈಕಿನ ಅಗತ್ಯವಿಲ್ಲದ ಕಂಠ ಅವರದು.

"ಆವತ್ತೇ ಸ್ವರ ಹೋಗಿತ್ತು ಅಂತ ಮದುವೆ ಊಟದಲ್ಲಿ ಹೇಳಿದ್ದು ನೀವೇ ಅಲ್ವಾ? ಯಾರದ್ದು ಹೋಗಿತ್ತು ಮಾರಾಯ್ರೆ?"

ಆ ಮನುಷ್ಯ ಕಾರ್ಯದರ್ಶಿಯನ್ನು ನೋಡಿದರು. ತಮ್ಮ ಕಿರುಚಿತ್ರ ಮೆಚ್ಚಿಕೊಂಡರೆಂದು ತಿಳಿದು ಕಾರ್ಯದರ್ಶಿ ಕೈ ಮುಗಿದರು. ಆಮೇಲೆ ಆ ಮನುಷ್ಯನ ಕಣ್ಣು ನನ್ನನ್ನು ಹುಡುಕಿತು. ನಾನು ಕಾಣುವಲ್ಲೇ ಕೂತಿದ್ದೆ. ಸನ್ಮಾನಕ್ಕೆ ಉತ್ತರವಾಗಿ ಅವರು ಬಹಳ ಹೊತ್ತು ಮಾತಾಡುವವರಿದ್ದರು. ಬರೀ ಧನ್ಯವಾದ ಹೇಳಿ ಕೂತರು. ನಮ್ಮವರನ್ನು ಕಾಣಲು ಜನ ವೇದಿಕೆಗೇ ಹತ್ತಿದರು. ಭುಜ ಮುಟ್ಟಿ, ಕೈ ಹಿಡಿದು, ಆ ಮಾತನ್ನೇ ಅವರಿಗೆ ತಿರುಗಿ ಹೇಳಿ ತೋರಿಸುತ್ತಿದ್ದರು. ನಾನು ಕೆಳಗೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡೆ.

ಲೋಕಲ್ ಗಾಡಿಯಲ್ಲಿ ಮುಂಬ್ರಾ ಸ್ಟೇಷನ್ ದಾಟುವವರೆಗೆ ನಮ್ಮವರು ನನ್ನ ಕಡೆ ನೋಡಲಿಲ್ಲ. ಆಮೇಲೆ ಮೊಬೈಲ್ ತೋರಿಸಿದರು: 'ಹಾಗೆ ಮಾಡಬಾರದಿತ್ತು.' ಮೊಬೈಲ್ ಹಿಂದೆ ತೆಗೆದುಕೊಂಡು ಅದರ ಕೆಳಗೆ ಒತ್ತಿದರು: 'ಕೊನೆಯ ಸಾಲಿಗೆ ಕೇಳುತ್ತಿತ್ತಾ?'

ಕೇಳುತ್ತಿತ್ತು ಎಂದೆ.

ಡಿಸ್ಕು ಆ ಮನುಷ್ಯನಿಗೆ ಹಿಂದೆ ಹೋಗಿದೆ, ಒಂದು ಫೈಲೂ ಕಡಿಮೆಯಾಗದೆ. ಆ ಮೇಲೆ ಅವರು ನಮ್ಮ ಮನೆಗೆ ಬಂದಿಲ್ಲ, ನಾನು ಕರೆದೂ ಇಲ್ಲ. ಆದಿತ್ಯವಾರ ಸಂಜೆ ನಮ್ಮವರು ಆ ಕೂಟ ಹಾಕಿಕೊಂಡು ಕೂರುತ್ತಾರೆ, ತಮ್ಮ ಮಾತು ಮುಗಿದ ಮೇಲೂ ಪೂರ್ತಿ ಕೇಳುತ್ತಾರೆ. ನಾನು ಒಳಗೆ ಕೆಲಸದಲ್ಲಿರುತ್ತೇನೆ. ಆ ಪ್ರಶ್ನೆ ಬಂತೆಂದರೆ ಮಾತ್ರ ಒಲೆ ಸಣ್ಣ ಮಾಡಿ, ಸೌಟು ಹಿಡಿದುಕೊಂಡೇ ಹೊರಗೆ ಬರುತ್ತೇನೆ. ಅವರು ಕೇಳುವುದು ತಮ್ಮ ಸ್ವರವನ್ನು. ನಾನು ನಿಂತು ನೋಡುವುದು ಆ ಮನುಷ್ಯನ ಮುಖವನ್ನು.