ಆಸಿಫಾಳ ದೆವ್ವದ ಕತೆಗಳು

ಗಜೇಂದ್ರಗಡದಲ್ಲಿ ಸೀರೆ ನೇಯುವ ಆಸಿಫಾ ಮಾಸಪತ್ರಿಕೆಗೆ ದೆವ್ವದ ಕತೆ ಬರೆಯುತ್ತಿದ್ದಳು. ಪ್ರತಿ ಕತೆಯಲ್ಲೂ ಹಾಳುಬಿದ್ದ ವಾಡೆ ಮನೆ, ಬೀಗ ಹಾಕಿದ ಕೋಣೆ, ಒಳಗಿನಿಂದ ಕರೆಯುವ ಹೆಂಗಸಿನ ದನಿ ಇರುತ್ತಿದ್ದವು.

ಅವಳ ಕತೆಗಳನ್ನು ಓದಿ ಮೆಚ್ಚಿದ್ದ ಹತ್ತಿರದ ಸೂಡಿ ಊರಿನ ಅನಘಾ ಒಂದು ಮಧ್ಯಾಹ್ನ ಮನೆಗೆ ಬಂದಳು. "ಅಕ್ಕಾರ, ಆ ದನಿ ಯಾರದ್ರಿ?" ಎಂದು ಕೇಳಿದಳು.

ಆಸಿಫಾ ಮಗ್ಗ ನಿಲ್ಲಿಸಿದಳು. "ನಮ್ಮಮ್ಮಂದವಾ. ಕ್ಷಯ ಆದಾಗ ಆಕೀನ ಹಿತ್ತಲ ಕೋಣ್ಯಾಗ ಇಟ್ಟಿದ್ರು. ಆಕಿ ಕರದ್ರೂ ಹೋಗಬ್ಯಾಡಂತ ನನಗ ಹೇಳಿದ್ರು. ನಾ ಆಗ ಭಾಳ ಸಣ್ಣಾಕಿ, ಹೋಗಲಿಲ್ಲ."

"ಹಂಗಾರ ಅದು ದೆವ್ವ ಅಲ್ಲಲ್ರಿ," ಅಂದಳು ಅನಘಾ.

ಆ ಮಾತು ಆಸಿಫಾಳ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮುಂದಿನ ಕತೆಯಲ್ಲಿ ಹುಡುಗಿಯೊಬ್ಬಳು ಬಾಗಿಲು ತೆಗೆದು ಒಳಗೆ ಹೋಗಿ, ಮಲಗಿದ್ದ ತಾಯಿಗೆ ನೀರು ಕುಡಿಸಿದಳು.

"ಇದರಲ್ಲಿ ಹೆದರಿಕೆಯೇ ಇಲ್ಲವಲ್ಲ?" ಎಂದು ಸಂಪಾದಕರು ಫೋನಿನಲ್ಲಿ ಕೇಳಿದರು.

"ಇಲ್ಲರಿ," ಎಂದಳು ಆಸಿಫಾ ಸಮಾಧಾನದಿಂದ. "ಹಂಗ ಛಾಪಿಸ್ರಿ."